ಕೋರ್ಟ್ ಆವರಣದಲ್ಲೇ ರಾಜಿ: ಚೆನ್ನೈನ ಮಧ್ಯಸ್ಥಿಕೆ ಕೇಂದ್ರ

ಹಿನ್ನೆಲೆ

ಮದ್ರಾಸ್ ಹೈಕೋರ್ಟ್ ಆವರಣದಲ್ಲಿ 2005ರ ಏಪ್ರಿಲ್ 9ರಂದು ತಮಿಳುನಾಡು ಮಧ್ಯಸ್ಥಿಕೆ ಮತ್ತು ಸಂಧಾನ ಕೇಂದ್ರ ಆರಂಭವಾಯಿತು. ನ್ಯಾಯಾಲಯದ ಆಶ್ರಯದಲ್ಲೇ ನಡೆಯುವ ಇಂಥ ಕೇಂದ್ರ ದೇಶದಲ್ಲಿ ಅದೇ ಮೊದಲು. ಅದನ್ನು ಕಟ್ಟುವಲ್ಲಿ ಮುಂದೆ ನಿಂತವರು ಹಿರಿಯ ವಕೀಲ ಶ್ರೀರಾಮ್ ಪಂಚು. 2019ರಲ್ಲಿ ಅಯೋಧ್ಯೆ ವ್ಯಾಜ್ಯಕ್ಕೆ ಸುಪ್ರೀಂ ಕೋರ್ಟ್ ನೇಮಿಸಿದ ಮೂವರು ಸಂಧಾನಕಾರರಲ್ಲಿ ಇವರೂ ಒಬ್ಬರು. ಅಲ್ಲಿ ರಾಜಿಯಾಗಲಿಲ್ಲ, ಆ ಮಾತು ಬೇರೆ. ನಡೆಯುತ್ತಿರುವ ಮೊಕದ್ದಮೆಯನ್ನು ಮಧ್ಯಸ್ಥಿಕೆಗೆ ಕಳಿಸುವ ಅಧಿಕಾರ ನ್ಯಾಯಾಧೀಶರಿಗೆ ಸಿಗುವುದು 2002ರ ಜುಲೈ 1ರಿಂದ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಿಂದ.

ಕೋಣೆಯೊಳಗೆ ನಡೆಯುವುದು

ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ, ಸಾಕ್ಷಿ ವಿಚಾರಿಸುವುದಿಲ್ಲ. ಮೊದಲು ಎರಡೂ ಕಡೆಯವರನ್ನು, ಅವರ ವಕೀಲರನ್ನು ಒಟ್ಟಿಗೆ ಕೂರಿಸಿ ನಿಯಮ ತಿಳಿಸುತ್ತಾರೆ. ಆಮೇಲೆ ಒಬ್ಬೊಬ್ಬರ ಜೊತೆ ಪ್ರತ್ಯೇಕ ಮಾತುಕತೆ. ನಿಜವಾದ ಕೆಲಸ ಆಗುವುದು ಇಲ್ಲೇ. ಚೆನ್ನೈನ ತಿರುವಲ್ಲಿಕ್ಕೇಣಿಯ ಹಳೇ ಮನೆಗಾಗಿ ಅಣ್ಣ ತಂಗಿ ಜಗಳವಾಡುತ್ತಿದ್ದಾರೆ ಎಂದುಕೊಳ್ಳಿ. ದಾವೆಯಲ್ಲಿ ತಂಗಿ ಕೇಳಿರುವುದು ಅರ್ಧ ಪಾಲು. ಬಾಗಿಲು ಮುಚ್ಚಿದ ಮೇಲೆ, ಮಗಳ ಮದುವೆಗೆ ತುರ್ತಾಗಿ ಹಣ ಬೇಕು ಎನ್ನುತ್ತಾಳೆ. ಅಣ್ಣನಿಗೆ ಮನೆ ಬಿಡಲು ಮನಸ್ಸಿಲ್ಲ, ಆದರೆ ಬ್ಯಾಂಕ್ ಸಾಲ ಸಿಗುತ್ತದೆ. ಇದನ್ನು ಇಬ್ಬರೂ ಕಟಕಟೆಯಲ್ಲಿ ನಿಂತು ಹೇಳುವವರಲ್ಲ. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವಂತಿಲ್ಲ. ಆಡಿದ ಮಾತು ಮುಂದೆ ಸಾಕ್ಷ್ಯವಾಗುವಂತಿಲ್ಲ.

ಒಪ್ಪಿದರೆ, ಒಪ್ಪದಿದ್ದರೆ

ಒಪ್ಪಂದ ಬರೆದು ಸಹಿ ಹಾಕಿದರೆ ಅದು ಕೋರ್ಟಿಗೆ ಹೋಗಿ ಡಿಕ್ರಿಯಾಗುತ್ತದೆ. ಮುರಿದುಬಿದ್ದರೆ ‘ರಾಜಿಯಾಗಲಿಲ್ಲ’ ಎಂಬಷ್ಟೇ ವರದಿ. ತಪ್ಪು ಯಾರದೆಂದು ಅದರಲ್ಲಿ ಇರುವುದಿಲ್ಲ. ಗಂಭೀರ ವಂಚನೆ, ಚುನಾವಣಾ ತಕರಾರುಗಳಂಥವು ಮಧ್ಯಸ್ಥಿಕೆಗೆ ತಕ್ಕವಲ್ಲವೆಂದು ಆಫ್ಕಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2010ರ ತೀರ್ಪು ಹೇಳಿದೆ. ವಾಣಿಜ್ಯ ವ್ಯಾಜ್ಯದಲ್ಲಿ ಕ್ರಮವೇ ತಿರುಗುಮುರುಗು: ತುರ್ತು ಪರಿಹಾರ ಬೇಡದಿದ್ದರೆ ಮಧ್ಯಸ್ಥಿಕೆ ಮುಗಿಸಿಯೇ ದಾವೆ ಹೂಡಬೇಕು.

ಖರ್ಚು

ಖಾಸಗಿ ಮಧ್ಯಸ್ಥಗಾರರ ಶುಲ್ಕವನ್ನು ಸಾಮಾನ್ಯವಾಗಿ ಎರಡೂ ಕಡೆಯವರು ಸಮನಾಗಿ ಹಂಚಿಕೊಳ್ಳುತ್ತಾರೆ. 89ನೇ ಕಲಮಿನಡಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ. ಕೋರ್ಟ್ ಕಳಿಸದೆ ತಾವೇ ರಾಜಿಯಾದವರಿಗೂ ಅದು ಸಲ್ಲಬೇಕೆಂದು ಮದ್ರಾಸ್ ಹೈಕೋರ್ಟ್ ಹೇಳಿದಾಗ, ಅದರ ವಿರುದ್ಧ ಮೇಲ್ಮನವಿ ಹೋದದ್ದು ಹೈಕೋರ್ಟಿನದೇ ಆಡಳಿತ ವಿಭಾಗ! 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ವಜಾ ಮಾಡಿತು.