ಬಡ್ಡಿ ದಾಟಿಸಿದ ರಸ್ತೆ

ಹಿರಿಯೂರಿನ ಹತ್ರ ಹೈವೇ ದಾಟೋದು ಕಣ್ಣು ಕಾಣೋರಿಗೇ ಕಷ್ಟ. ಕಣ್ಣು ಕಾಣದವರು ಒಬ್ಬರೇ ದಾಟಬೇಕು ಅಂದ್ರೆ? 1928ರಲ್ಲಿ ಒಂದು ನಾಯಿ ಇದಕ್ಕೆ ಉತ್ತರ ಕೊಡ್ತು. ಅದರ ಹೆಸರು ಬಡ್ಡಿ. ಸಾಲದ ಬಡ್ಡಿ ಅಲ್ಲ, ಇಂಗ್ಲಿಷಿನಲ್ಲಿ ಗೆಳೆಯ ಅಂತ ಅರ್ಥ!

ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲೇ ದಾರಿ ತೋರುವ ನಾಯಿಗಳ ಶಾಲೆ ಶುರುವಾಗಿತ್ತು. ಇಂಥ ನಾಯಿಗಳ ಬಗ್ಗೆ 1927ರಲ್ಲಿ ಬಂದ ಲೇಖನವೊಂದನ್ನ ಅಮೆರಿಕದ ಅಂಧ ಯುವಕ ಮಾರಿಸ್ ಫ್ರಾಂಕ್‌ಗೆ ಅವರಪ್ಪ ಓದಿ ಹೇಳಿದ್ರು. ಫ್ರಾಂಕ್ ಸ್ವಿಟ್ಜರ್ಲೆಂಡಿಗೆ ಹೋಗಿ ಬಡ್ಡಿ ಜೊತೆ ತರಬೇತಿ ಪಡೆದ. ವಾಪಸ್ ಬಂದು, ಪತ್ರಕರ್ತರ ಎದುರಲ್ಲೇ, ವಾಹನಗಳಿಂದ ತುಂಬಿದ್ದ ನ್ಯೂಯಾರ್ಕಿನ ವೆಸ್ಟ್ ಸ್ಟ್ರೀಟ್ ದಾಟಿದ.

ಎತ್ತ ಹೋಗಬೇಕು ಅನ್ನೋದು ಮನುಷ್ಯನ ತೀರ್ಮಾನ. ಆದರೆ ಎದುರಿಗೆ ಗಾಡಿ ಬರ್ತಿದ್ರೆ, ‘ಹೋಗು’ ಅಂದ್ರೂ ನಾಯಿ ಕದಲಲ್ಲ. ಆ ಹಠವನ್ನ ನಂಬೋದೇ ಇವರಿಬ್ಬರ ಬಾಂಧವ್ಯ.

ರಸ್ತೆಯೇನೋ ದಾಟಿದ್ದಾಯ್ತು, ಬಾಗಿಲು ತೆರೀಲಿಲ್ಲ. ಹೋಟೆಲು, ರೈಲುಗಳಲ್ಲಿ ನಾಯಿಗೆ ಪ್ರವೇಶ ಇಲ್ಲ ಅಂದ್ರು. 1929ರಲ್ಲಿ ‘ಸೀಯಿಂಗ್ ಐ’ ಶಾಲೆ ಶುರು ಮಾಡಿದವರಲ್ಲಿ ಒಬ್ಬನಾದ ಫ್ರಾಂಕ್, ಈ ಪ್ರವೇಶಕ್ಕಾಗಿ ವರ್ಷಗಟ್ಟಲೆ ಹೋರಾಡಿದ.

ಬಸ್ಸು, ಬಸ್‌ಸ್ಟ್ಯಾಂಡು, ಸರ್ಕಾರಿ ಕಟ್ಟಡ ವಿಕಲಚೇತನರಿಗೂ ಸುಲಭವಾಗಿರಬೇಕು ಅಂತ ನಮ್ಮ 2016ರ ಕಾಯ್ದೆಯೂ ಹೇಳುತ್ತೆ. ಆದ್ರೆ ದಾರಿ ಬಿಡಬೇಕಾದವರು ನಾವು. ನಾಳೆ ಹೊಳಲ್ಕೆರೆ ಬಸ್ಸಿಗೆ ಯಾರಾದ್ರೂ ಇಂಥ ನಾಯಿ ಜೊತೆ ಹತ್ತಿದ್ರೆ ಅದನ್ನ ಮುಟ್ಟಬೇಡಿ, ಕರೀಬೇಡಿ, ಬಿಸ್ಕತ್ತು ಹಾಕಬೇಡಿ. ಅದು ಡ್ಯೂಟಿಯಲ್ಲಿರುತ್ತೆ. ಸ್ವಲ್ಪ ಜಾಗ ಬಿಡಿ, ಸಾಕು.