ಇಬ್ಬರು, ಒಂದು ರೂಮು: ಆಮ್‌ಸ್ಟರ್‌ಡ್ಯಾಮಿನಿಂದ ಹುಲಿಗಿಗೆ

ಹೋದ ವಾರ ಕಾರಟಗಿ ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಬೆಂಗಳೂರಿನಲ್ಲಿ ಕೆಲಸ. ಆಫೀಸಿನವರು ಆಮ್‌ಸ್ಟರ್‌ಡ್ಯಾಮಿಗೆ ಕಳಿಸ್ತಿದ್ದಾರೆ, ಜೊತೆಗೆ ಅವರ ಸಂಗಾತಿಯೂ ಹೊರಟಿದ್ದಾನೆ. "ಅಣ್ಣಾ, ಇಬ್ರು ಹುಡುಗ್ರು ಒಂದೇ ಮಂಚದ ರೂಮು ಕೇಳಿದ್ರ ಹೋಟೆಲ್‌ನವ್ರು ಏನರ ಅಂತಾರೇನು?"

ಏನೂ ಅನ್ನಲ್ಲ ತಮ್ಮಾ. ಅನ್ನೋ ಹಾಗೂ ಇಲ್ಲ. ಯಾಕೆ ಅನ್ನೋದೇ ಇವತ್ತಿನ ಕಥೆ.

ನಾನು ನವಲಿಯವನು. ನ್ಯೂಸಿನಲ್ಲಿ ನಮ್ಮೂರಿನ ಹೆಸರು ಕೇಳಿರ್ತೀರಿ, ಇನ್ನೂ ಕಟ್ಟದ ಆ ಜಲಾಶಯದ ದೆಸೆಯಿಂದ. ನಮಗೆ ಕಾಲುವೆ ಅಂದ್ರೆ ತುಂಗಭದ್ರಾ ಎಡದಂಡೆ ಕಾಲುವೆ, ನೀರು ಬಂದ್ರೆ ಭತ್ತ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳ ಕಥೆ ಬೇರೆ. 17ನೇ ಶತಮಾನದಲ್ಲಿ ಊರು ಬೆಳೆದಾಗ ತೋಡಿದ್ದು, ಸರಕಿನ ದೋಣಿ ನೇರ ವ್ಯಾಪಾರಿಯ ಮನೆ ಬಾಗಿಲಿಗೆ ಬರ್ತಿತ್ತು. ಆ ಮನೆಗಳಲ್ಲಿ ಎಷ್ಟೋ ಈಗ ಹೋಟೆಲ್ ಆಗಿವೆ.

ಆ ದೇಶ ಮೊದಲಿಂದಲೂ ಹೀಗಿತ್ತು ಅಂತ ತಿಳಿಬೇಡಿ. 1730ರಲ್ಲಿ ಅಲ್ಲಿ ಸಲಿಂಗಿಗಳನ್ನ ಹುಡುಕಿ ಹುಡುಕಿ ಗಲ್ಲಿಗೇರಿಸಿದ್ರು. 1811ರಲ್ಲಿ ಫ್ರೆಂಚರ ಕಾನೂನು ಬಂದು ಅದು ಅಪರಾಧವಾಗಿ ಉಳಿಯಲಿಲ್ಲ. ಆದ್ರೆ ಮತ್ತೆ ನೂರು ವರ್ಷಕ್ಕೆ, 1911ರಲ್ಲಿ, ಬೇರೆಯವರಿಗೆಲ್ಲ 16 ವಯಸ್ಸು, ಇವರಿಗೆ ಮಾತ್ರ 21 ಅಂತ ಹೊಸ ಕಾನೂನು. ಅದು ಹೋಗಿದ್ದು 1971ಕ್ಕೆ.

ಇದರ ನಡುವೆ, 1927ರಲ್ಲಿ, ಬೆಟ್ ಫಾನ್ ಬೇರನ್ ಅನ್ನೋ ಹೆಣ್ಮಗಳು ಬಂದರಿನ ಹತ್ತಿರದ ಝೇಡೈಕ್ ಬೀದಿಯಲ್ಲಿ ಒಂದು ಬಾರ್ ತೆಗೆದಳು. ಹೆಸರಿನ ಅರ್ಥ 'ಪುಟ್ಟ ಬುಟ್ಟಿ'. ಚರ್ಮದ ಜಾಕೆಟ್ ಹಾಕ್ಕೊಂಡು ಮೋಟಾರ್‌ಸೈಕಲ್ ಓಡಿಸ್ತಿದ್ದಳು, ಬಂದವರ ಟೈ ಕತ್ತರಿಸಿ ಮಾಡಿಗೆ ನೇತುಹಾಕ್ತಿದ್ದಳು. ಹೆಣ್ಣನ್ನ ಪ್ರೀತಿಸ್ತೀನಿ ಅಂತ ಮುಚ್ಚಿಡಲಿಲ್ಲ. ನಾವಿಕರು, ಸೂಳೆಯರು, ಗಂಡನ್ನ ಪ್ರೀತಿಸುವ ಗಂಡಸರು ಎಲ್ಲರೂ ಅಲ್ಲಿ ಕೂರ್ತಿದ್ರು. ಆದ್ರೂ ಮುತ್ತು ಕೊಡೋದಕ್ಕೆ ಅವಳೇ ಬಿಡ್ತಿರಲಿಲ್ಲ, ಲೈಸೆನ್ಸ್ ಹೋಗುತ್ತೆ ಅಂತ! ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಹತ್ತಿರ ಅನಿಸೋದು ಆ ಒಂದು ಭಯವೇ.

ಆಮೇಲೆ ಬಂದಿದ್ದು ನಿಮಗೆ ಗೂಗಲ್ ಹೇಳುತ್ತೆ. 1987ರಲ್ಲಿ ಕಾಲುವೆ ದಂಡೆಯ ಮೇಲೆ ಗುಲಾಬಿ ಗ್ರಾನೈಟಿನ ಸ್ಮಾರಕ. ನಾಜಿಗಳು ಸಲಿಂಗಿಗಳ ಎದೆಗೆ ಹಚ್ಚಿದ್ದ ಗುಲಾಬಿ ತ್ರಿಕೋನವೇ ಅದರ ಆಕಾರ, ಒಂದು ಮೂಲೆ ಮೆಟ್ಟಿಲಾಗಿ ನೀರಿಗೆ ಇಳಿದಿದೆ. 1996ರಿಂದ ಕಾಲುವೆಯಲ್ಲೇ ದೋಣಿಗಳ ಪ್ರೈಡ್ ಮೆರವಣಿಗೆ. 2001ರ ಏಪ್ರಿಲ್ 1, ನಡುರಾತ್ರಿ ದಾಟಿದ ಕೂಡಲೇ ಮೇಯರ್ ಯೋಬ್ ಕೊಹೆನ್ ನಾಲ್ಕು ಜೋಡಿಗೆ ಮದುವೆ ಮಾಡಿಸಿದ್ರು. ಜಗತ್ತಿನಲ್ಲೇ ಮೊದಲು.

ಆದ್ರೆ ನಮ್ಮ ತಮ್ಮನ ರೂಮಿಗೆ ಬೇಕಾದ ವರ್ಷ ಇವು ಯಾವುವೂ ಅಲ್ಲ, 1994. ಆ ವರ್ಷ ಬಂದ ಸಮಾನತೆಯ ಕಾನೂನಿನ ಪ್ರಕಾರ ಸಲಿಂಗಿ ಅಂತ ಯಾವ ಅಂಗಡಿಯವರೂ, ಹೋಟೆಲ್‌ನವರೂ ಗಿರಾಕಿಯನ್ನ ವಾಪಸ್ ಕಳಿಸೋ ಹಾಗಿಲ್ಲ. 'ಗೇ ಫ್ರೆಂಡ್ಲಿ' ಅನ್ನೋ ಬೋರ್ಡು ಬರೀ ಆದರ, ರೂಮು ಮಾತ್ರ ಹಕ್ಕು.

ಈಗ ನಮ್ಮ ಕಡೆ ಬನ್ನಿ. ಇಲ್ಲಿ ಮಜಾ ಇದೆ. ನಾನೂ ನನ್ನ ಸಂಗಾತಿಯೂ ಹುಲಿಗೆಮ್ಮನ ದರ್ಶನಕ್ಕೆ ಹೋಗಿದ್ದೆವು, ಹುಣ್ಣಿಮೆ ದಿನ, ಕಾಲಿಡೋಕೆ ಜಾಗ ಇಲ್ಲ. ಲಾಡ್ಜಿನವರು, "ಇಬ್ರೂ ಗಂಡಮಕ್ಕಳಾ? ಆಧಾರ್ ಕೊಡ್ರಿ, ಮ್ಯಾಲಿನ ರೂಮ್ ಐತಿ" ಅಂದ್ರು. ಮುಗೀತು. ಅದೇ ಸಾಲಿನಲ್ಲಿದ್ದ ಹುಡುಗ ಹುಡುಗಿಗೆ ಮದುವೆ ಫೋಟೋ ತೋರಿಸಿ ಅಂದ್ರು. ನಮ್ಮನ್ನ ಯಾರೂ ಏನೂ ಕೇಳಲಿಲ್ಲ, ಯಾಕಂದ್ರೆ ಹಾಗೊಂದು ಜೋಡಿ ಇರುತ್ತೆ ಅಂತ ಅವರ ತಲೆಗೇ ಬರಲ್ಲ. ರಿಜಿಸ್ಟರಿನಲ್ಲಿ 'ಸಂಬಂಧ' ಅಂತ ಒಂದು ಕಾಲಂ ಇತ್ತು. 'ಫ್ರೆಂಡ್' ಅಂತ ಬರೆದೆ. ಬೆಟ್‌ಳ ಬಾರಿನ ಹಾಗೆಯೇ, ಕೂರಬಹುದು, ಮುತ್ತಿಡೋ ಹಾಗಿಲ್ಲ.

ಕಂಡುಬಿಡೋರಿಗೆ ಆ ಅನುಕೂಲವೂ ಇಲ್ಲ. ಹುಲಿಗಿಯಲ್ಲಿ ಚೌಡಕಿ ಹಿಡಿದ ಜೋಗಪ್ಪಗಳ ಕಾಲಿಗೆ ಜನ ಬೀಳ್ತಾರೆ. 2021ರ ಪದ್ಮಶ್ರೀ ಪಡೆದ ಜೋಗತಿ ಮಂಜಮ್ಮ ಅವರಿಗೆ ದೀಕ್ಷೆ ಆಗಿದ್ದೂ ಹುಲಿಗೆಮ್ಮನ ಸನ್ನಿಧಿಯಲ್ಲೇ. ಆದ್ರೆ ಅಂಥ ಒಬ್ಬ ಗೆಳತಿಯ ಜೊತೆ ಇನ್ನೊಂದು ಊರಿನ ಲಾಡ್ಜಿಗೆ ಹೋದಾಗ, ಕೀಲಿಗಳ ಸಾಲು ಗೋಡೆ ಮೇಲೆ ನೇತಾಡ್ತಾ ಇರುವಾಗಲೇ "ರೂಮ್ ಇಲ್ರಿ" ಅಂದ್ರು. ಅವಳು ಜಗಳ ಆಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲೇ ಬೆಳಗು ಮಾಡಿದೆವು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಹೀಗೆ ವಸತಿ ನಿರಾಕರಿಸೋದನ್ನ ನಿಷೇಧಿಸಿದೆ, ರಾತ್ರಿ ಹನ್ನೊಂದಕ್ಕೆ ಅದನ್ನ ಯಾರಿಗೆ ಓದಿ ಹೇಳೋದು?

ಸಲಿಂಗಿ ಜೋಡಿಗೆ ಅಷ್ಟೂ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ರ ಭಯ ತೆಗೀತು. ಆ ಕೇಸಿನ ಅರ್ಜಿದಾರರಲ್ಲಿ ಲಲಿತ್ ಹೋಟೆಲ್‌ಗಳ ಕೇಶವ್ ಸೂರಿಯೂ ಒಬ್ಬರು, ಅಂದ್ರೆ ಹೋಟೆಲ್ ಮಾಲೀಕರೇ ಕೋರ್ಟ್ ಮೆಟ್ಟಿಲು ಹತ್ತಿದ್ರು. 2023ರ ಅಕ್ಟೋಬರಿನಲ್ಲಿ ಮದುವೆ ಹಕ್ಕು ಸಿಗಲಿಲ್ಲ. ಖಾಸಗಿ ಲಾಡ್ಜಿನವರು ಇಲ್ಲ ಅಂದ್ರೆ ಹಿಡಿದು ಕೇಳೋಕೆ 1994ರ ಆ ಡಚ್ ಕಾನೂನಿನಂಥದ್ದು ನಮ್ಮ ಕೈಯಲ್ಲಿಲ್ಲ.

ಹಾಂ ತಮ್ಮಾ, ಬುಕ್ ಮಾಡುವಾಗ 'ಟ್ವಿನ್' ಒತ್ತಬೇಡ, 'ಡಬಲ್' ಒತ್ತು. ಆ ಹಳೇ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು, ಸೂಟ್‌ಕೇಸ್ ಹಗುರ ಇರಲಿ. ವಾಪಸ್ ಬಂದ ಮೇಲೆ ಇಬ್ಬರೂ ಮುನಿರಾಬಾದಿನಲ್ಲಿ ಇಳೀರಿ, ನಾವೂ ಬರ್ತೀವಿ, ಹುಲಿಗಿಗೆ ಕೂಡಿ ಹೋಗೋಣ. ಲಾಡ್ಜಿನ ರಿಜಿಸ್ಟರ್ ಮಾತ್ರ ಈ ಸಲ ನೀನು ಬರಿ.