ಯಾವ ಹೊಲ ಅಳೀಬೇಕು?

ಅಬ್ಬೆತುಮಕೂರಿನ ನಮ್ಮ ಮನೇಲಿ ಅನ್ನ ಬೆಂದಿದೆಯಾ ಅಂತ ನೋಡೋಕೆ ಅವ್ವ ಒಂದೇ ಅಗಳು ಹಿಚುಕುತ್ತಿದ್ದಳು. ಕುದಿಯೋ ನೀರು ಎಲ್ಲ ಅಗಳಿಗೂ ಒಂದೇ. ಹೊಲ ಹಾಗಲ್ಲ, ಪ್ರೋಗ್ರಾಂ ಕೂಡ ಹಾಗಲ್ಲ.

ಹೊಸ ಪ್ರೊಸೆಸರ್ ತಯಾರಾಗುವ ಮೊದಲು ಅದನ್ನು ಸಿಮ್ಯುಲೇಟರ್‌ನಲ್ಲಿ ಓಡಿಸಿ ನೋಡುತ್ತಾರೆ. ಅದು ನಿಜವಾದ ಚಿಪ್‌ಗಿಂತ ಸಾವಿರಾರು ಪಟ್ಟು ನಿಧಾನ. ಪರೀಕ್ಷೆಗೆ ಬಳಸುತ್ತಿದ್ದ ಸ್ಪೆಕ್ ಸಿಪಿಯು2000 ಪ್ರೋಗ್ರಾಂಗಳಲ್ಲಿ ಹಲವಕ್ಕೆ ಹತ್ತು ಸಾವಿರ ಕೋಟಿಗೂ ಹೆಚ್ಚು ಇನ್‌ಸ್ಟ್ರಕ್ಷನ್. ಪೂರ್ತಿ ಓಡಿಸಿದರೆ ತಿಂಗಳುಗಳೇ ಬೇಕು. ಹಾಗಾಗಿ ಎಷ್ಟೋ ಜನ ಮೊದಲ ನೂರು ಕೋಟಿ ಓಡಿಸಿ ನಿಲ್ಲಿಸುತ್ತಿದ್ದರು. ಆದರೆ ಶುರುವಿನಲ್ಲಿ ಪ್ರೋಗ್ರಾಂ ಬರೀ ಸಿದ್ಧತೆ ಮಾಡಿಕೊಳ್ಳುತ್ತಿರುತ್ತೆ. ರಸ್ತೆ ಪಕ್ಕದ ಹೊಲ ನೋಡಿ ಊರಿನ ಬೆಳೆ ಹೇಳಿದಂಗೆ.

2002ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟಿಮೊಥಿ ಶರ್ವುಡ್, ಬ್ರ್ಯಾಡ್ ಕಾಲ್ಡರ್ ಮತ್ತು ಸಂಗಡಿಗರು ಸಿಮ್‌ಪಾಯಿಂಟ್ ತಂದರು. ಪ್ರೋಗ್ರಾಂ ಅನ್ನು ಹತ್ತು ಕೋಟಿ ಇನ್‌ಸ್ಟ್ರಕ್ಷನ್‌ಗಳ ತುಂಡು ಮಾಡಿ, ಯಾವ ತುಂಡಿನಲ್ಲಿ ಕೋಡ್‌ನ ಯಾವ ಭಾಗ ಎಷ್ಟು ಸಲ ಓಡಿತು ಅಂತ ಎಣಿಸಿದರು. ಒಂದೇ ಥರದವನ್ನು ಗುಂಪು ಮಾಡಿ, ಗುಂಪಿಗೊಂದು ತುಂಡು ಆರಿಸಿ, ಗುಂಪಿನ ಗಾತ್ರಕ್ಕೆ ತಕ್ಕ ತೂಕ ಕೊಟ್ಟರು. ಮರುವರ್ಷ ಕಾರ್ನೆಗಿ ಮೆಲನ್‌ನ ಸ್ಮಾರ್ಟ್ಸ್ ಬೇರೆ ದಾರಿ ಹಿಡಿಯಿತು: ಸಾವಿರ ಇನ್‌ಸ್ಟ್ರಕ್ಷನ್‌ಗಳ ಚಿಕ್ಕ ಚಿಕ್ಕ ತುಂಡು, ಉದ್ದಕ್ಕೂ ಸಮ ಅಂತರದಲ್ಲಿ.

ಇದೇ ಪ್ರಶ್ನೆ ನಮ್ಮ ದೇಶದಲ್ಲಿ ಹೊಲದಲ್ಲೇ ಎದ್ದಿತ್ತು. 1920ರ ದಶಕದಲ್ಲಿ ಬಿಹಾರ-ಒರಿಸ್ಸಾದ ಭತ್ತಕ್ಕೆ ಜೆ.ಎ. ಹಬ್ಯಾಕ್, ಆಮೇಲೆ ಬಂಗಾಳದ ಸೆಣಬಿಗೆ ಪಿ.ಸಿ. ಮಹಾಲನೋಬಿಸ್, ಅಳೆಯೋ ಜಾಗವನ್ನು ಲಾಟರಿಯಂತೆ ಆರಿಸಿದರು. ಯಾಕಂದ್ರೆ ಆರಿಸೋದನ್ನ ಮನುಷ್ಯನಿಗೆ ಬಿಟ್ಟರೆ ಕಣ್ಣು ಚೆನ್ನಾಗಿರೋ ಬೆಳೆ ಕಡೆಗೇ ಹೋಗುತ್ತೆ. ಇವತ್ತಿನ ಬೆಳೆ ಕಟಾವು ಪ್ರಯೋಗದ ಬೇರು ಅಲ್ಲಿದೆ. 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆಯಲ್ಲಿ ಆ ಪ್ರಯೋಗದ ಸರಾಸರಿ ಮೇಲೆ ಇಡೀ ಪಂಚಾಯಿತಿಯ ಪರಿಹಾರ ನಿಂತಿದೆ.

ಒಂದು ವರ್ಷ ನಮ್ಮ ತೊಗರಿ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿತು. ಪಂಚಾಯಿತಿಯ ಸರಾಸರಿ ಚೆನ್ನಾಗಿತ್ತು, ಪರಿಹಾರ ಬರಲಿಲ್ಲ. ಫೋನಿನಲ್ಲಿ ಅಪ್ಪ ಕೇಳಿದ: "ಲೆಕ್ಕ ಖರೇನೇ ಇರಬೌದಪಾ, ಆದ್ರ ಅದ್ರಾಗ ನಮ್ಮ ಹೊಲ ಎಲ್ಲೈತಿ?"

ಲೆಕ್ಕ ತಪ್ಪಿರಲಿಲ್ಲ. ಸರಾಸರಿ ಕೇಳಿದರೆ ಸರಾಸರಿಯೇ ಸಿಗೋದು. ಸಿಮ್‌ಪಾಯಿಂಟ್‌ನಲ್ಲೂ ನೂರಕ್ಕೆ ಒಂದು ಪಾಲಿರೋ ಗುಂಪಿಗೆ ಸಿಗೋ ತೂಕ ಅಷ್ಟೇ. ಅಲ್ಲಿ ಚಿಪ್ ಎಷ್ಟೇ ಒದ್ದಾಡಿದರೂ ಒಟ್ಟು ಅಂಕೆ ಹೆಚ್ಚು ಅಲುಗಾಡಲ್ಲ. ಅದಕ್ಕೇ ಈಗ ರಿಪೋರ್ಟ್ ಕಳಿಸೋ ಮುಂಚೆ ತೂಕ ಕಮ್ಮಿ ಬಂದ ಗುಂಪನ್ನೂ ಒಮ್ಮೆ ತೆರೆದು ನೋಡ್ತೀನಿ.